ಆನೆಗೊಂದಿಯ ದೋಣಿಘಟ್ಟ ಮತ್ತು ನಡುಗಡ್ಡೆಗಳು

ಆನೆಗೊಂದಿಯು ಕರ್ನಾಟಕ ರಾಜ್ಯದ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ, ತುಂಗಭದ್ರಾ ನದಿಯ ಉತ್ತರ ದಡದ ಮೇಲಿರುವ ಒಂದು ಐತಿಹಾಸಿಕ ಗ್ರಾಮ. ನದಿಯ ದಕ್ಷಿಣ ದಡದಲ್ಲಿ ವಿಜಯನಗರ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಹಂಪಿಯ ಅವಶೇಷಗಳಿವೆ. ಎರಡು ದಡಗಳ ನಡುವೆ ನದಿಯು ಬಂಡೆಗಳನ್ನು ಸುತ್ತುವರಿದು ಹಲವು ಕವಲುಗಳಾಗಿ ಹರಿಯುವುದರಿಂದ ಇಲ್ಲಿ ಅನೇಕ ನಡುಗಡ್ಡೆಗಳು ಉಂಟಾಗಿವೆ. ಸ್ಥಳೀಯರು ಇವುಗಳನ್ನು ಗಡ್ಡೆ ಅಥವಾ ಗಡ್ಡಿ ಎಂದು ಕರೆಯುತ್ತಾರೆ. ಒಂಬತ್ತು ಮಾಧ್ವ ಯತಿಗಳ ಸಮಾಧಿಗಳಿರುವ ನವವೃಂದಾವನ ಗಡ್ಡೆ ಹಾಗೂ ವಿರೂಪಾಕ್ಷ ದೇವಾಲಯದ ಎದುರು ದಡದಲ್ಲಿರುವ ವಿರೂಪಾಪುರ ಗಡ್ಡೆ ಇವುಗಳಲ್ಲಿ ಪ್ರಸಿದ್ಧವಾದವು.

ಆನೆಗೊಂದಿಯ ಇತಿಹಾಸವನ್ನೂ ಇಂದಿನ ಜನಜೀವನವನ್ನೂ ರೂಪಿಸಿರುವುದು ನದಿಯನ್ನು ದಾಟುವ ಬಗೆ. ಒಂದು ಕಾಲದಲ್ಲಿ ಶತ್ರುಗಳನ್ನು ತಡೆಯುವ ಕಂದಕದಂತಿದ್ದ ಹೊಳೆಯು ಮುಂದೆ ಎರಡು ಆಡಳಿತಗಳ ಗಡಿಯಾಯಿತು. ಇತ್ತೀಚಿನ ದಶಕಗಳಲ್ಲಿ ಅದರ ಮೇಲೆ ಸೇತುವೆ ಕಟ್ಟಬೇಕೇ ಬೇಡವೇ ಎಂಬುದು ಪರಂಪರೆಯ ರಕ್ಷಣೆ ಮತ್ತು ಊರ ಜನರ ಅಗತ್ಯಗಳ ನಡುವಿನ ದೊಡ್ಡ ಪ್ರಶ್ನೆಯಾಗಿ ಪರಿಣಮಿಸಿತು.

ಹೆಸರು

ಗ್ರಾಮದ ಹೆಸರನ್ನು ಆನೆಗೊಂದಿ, ಆನೆಗುಂದಿ ಎಂಬ ಎರಡು ರೂಪಗಳಲ್ಲಿಯೂ ಬರೆಯುವ ರೂಢಿಯಿದೆ. ಗೊಂದಿ ಎಂದರೆ ಇಕ್ಕಟ್ಟಾದ ದಾರಿ ಅಥವಾ ಓಣಿ. ವಿಜಯನಗರದ ಅರಸರ ಆನೆಗಳನ್ನು ಇಲ್ಲಿ ಕಟ್ಟಲಾಗುತ್ತಿತ್ತು, ಹೊಳೆಯಲ್ಲಿ ಮೀಯಿಸಲಾಗುತ್ತಿತ್ತು ಎಂಬ ಪ್ರತೀತಿಯು ಈ ಹೆಸರಿನೊಂದಿಗೆ ಸೇರಿಕೊಂಡಿದೆ. ರಾಮಾಯಣದ ಕಿಷ್ಕಿಂಧೆಯು ಇದೇ ಪ್ರದೇಶವೆಂಬ ನಂಬಿಕೆ ಬಹು ಹಿಂದಿನಿಂದ ಬಂದಿದ್ದು, ಸುತ್ತಲಿನ ಗುಡ್ಡ, ಗುಹೆ ಹಾಗೂ ಕೊಳಗಳಿಗೆ ವಾಲಿ, ಸುಗ್ರೀವ, ಆಂಜನೇಯ ಮತ್ತು ಶಬರಿಯರ ಕಥೆಗಳನ್ನು ಹೊಂದಿಸಲಾಗಿದೆ.

ಭೌಗೋಳಿಕ ನೆಲೆ

ಆನೆಗೊಂದಿಯು ತಾಲ್ಲೂಕು ಕೇಂದ್ರವಾದ ಗಂಗಾವತಿಯಿಂದ ಹತ್ತು ಹನ್ನೆರಡು ಕಿ.ಮೀ. ದೂರದಲ್ಲಿದೆ. ಗ್ರಾಮದ ಮೂರು ಕಡೆ ಗ್ರಾನೈಟ್ ಬಂಡೆಗಳ ಗುಡ್ಡಗಳೂ ಒಂದು ಕಡೆ ಹೊಳೆಯೂ ಇವೆ. ಬೆಟ್ಟಗಳ ಸಾಲುಗಳನ್ನೇ ಆಧಾರವಾಗಿಟ್ಟುಕೊಂಡು, ನಡುವಣ ಕಂಡಿಗಳನ್ನು ಮಾತ್ರ ಗೋಡೆ ಹಾಗೂ ಬಾಗಿಲುಗಳಿಂದ ಮುಚ್ಚಿ ಇಲ್ಲಿನ ಕೋಟೆಯನ್ನು ರಚಿಸಲಾಗಿದೆ. ಸಮೀಪದ ಕಡೆಬಾಗಿಲು ಎಂಬ ಊರಿನ ಹೆಸರು ಈ ರಕ್ಷಣಾ ವ್ಯವಸ್ಥೆಯನ್ನು ನೆನಪಿಸುವಂತಿದೆ. ಆಚೆ ದಡದಲ್ಲಿ, ವಿಠ್ಠಲ ದೇವಾಲಯದ ಬಳಿ, ತಳವಾರಘಟ್ಟ ಎಂಬ ದೋಣಿಘಟ್ಟವೂ ಅದಕ್ಕೆ ಸೇರಿದ ಹಳೆಯ ಹೆಬ್ಬಾಗಿಲೂ ಇವೆ. ಆನೆಗೊಂದಿಯಿಂದ ಹೊಳೆ ದಾಟಿದವರು ಈ ಬಾಗಿಲಿನ ಮೂಲಕವೇ ರಾಜಧಾನಿಯನ್ನು ಪ್ರವೇಶಿಸುತ್ತಿದ್ದರು.

ಬಂಡೆಗಳ ನಡುವಿನ ತಗ್ಗು ನೆಲದಲ್ಲಿ ಭತ್ತ ಮತ್ತು ಬಾಳೆ ಮುಖ್ಯ ಬೆಳೆಗಳು. ವಿಜಯನಗರ ಕಾಲದ ಕಾಲುವೆಗಳಲ್ಲಿ ಕೆಲವು ಇಂದಿಗೂ ಈ ಗದ್ದೆಗಳಿಗೆ ನೀರುಣಿಸುತ್ತಿವೆ. ಬರಡು ಬಂಡೆಗಳ ನಡುವೆ ವರ್ಷದ ಬಹುಕಾಲ ಕಾಣುವ ಹಸಿರಿಗೆ ಈ ಕಾಲುವೆಗಳೇ ಕಾರಣ.

ಇತಿಹಾಸ

ಈ ಪ್ರದೇಶದಲ್ಲಿ ಮಾನವ ವಸತಿಯು ಪ್ರಾಗೈತಿಹಾಸಿಕ ಕಾಲದಿಂದಲೂ ಇತ್ತು. ಆನೆಗೊಂದಿಯ ಬಳಿಯ ಒನಕೆ ಕಿಂಡಿ ಎಂಬಲ್ಲಿ ಬಂಡೆಗಳ ಮೇಲೆ ಪ್ರಾಚೀನ ವರ್ಣಚಿತ್ರಗಳಿವೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದಲ್ಲಿ ಶಿಲಾಯುಗದ ನಂತರದ ಬೃಹತ್ ಶಿಲಾ ಸಂಸ್ಕೃತಿಗೆ ಸೇರಿದ ಸುಮಾರು 400 ಸಮಾಧಿ ರಚನೆಗಳಿದ್ದು, 2021ರಲ್ಲಿ ಆ ನೆಲೆಯನ್ನು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಯಿತು.

ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಆನೆಗೊಂದಿಯು ಕಂಪಿಲಿ ರಾಜ್ಯದ ಬಲವಾದ ನೆಲೆಗಳಲ್ಲಿ ಒಂದಾಗಿತ್ತು. ಕುಮಾರರಾಮನ ಕಥೆಗಳ ಮೂಲಕ ಈ ರಾಜಮನೆತನವು ಕನ್ನಡಿಗರಿಗೆ ಪರಿಚಿತ. 1327ರ ಸುಮಾರಿಗೆ ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್‌ನ ಸೈನ್ಯವು ಈ ರಾಜ್ಯವನ್ನು ಕೊನೆಗಾಣಿಸಿತು. ಅನಂತರ ಸಂಗಮ ಸಹೋದರರಾದ ಹರಿಹರ ಮತ್ತು ಬುಕ್ಕರು ಸ್ಥಾಪಿಸಿದ ವಿಜಯನಗರ ಸಾಮ್ರಾಜ್ಯದ ಆರಂಭದ ವರ್ಷವನ್ನು ಸಾಂಪ್ರದಾಯಿಕವಾಗಿ 1336 ಎಂದು ಪರಿಗಣಿಸಲಾಗುತ್ತದೆ. ಹೊಸ ರಾಜಧಾನಿಯು ದಕ್ಷಿಣ ದಡದಲ್ಲಿ ಬೆಳೆಯಿತು. ಉತ್ತರದಿಂದ ಬರುವ ಸೈನ್ಯವು ಮೊದಲು ಆನೆಗೊಂದಿಯ ಕೋಟೆಯನ್ನೂ ಅನಂತರ ಬಂಡೆಗಳಿಂದ ತುಂಬಿದ ಹೊಳೆಯನ್ನೂ ದಾಟಬೇಕಾಗಿದ್ದುದರಿಂದ ಆ ಸ್ಥಳದ ಆಯ್ಕೆಯಲ್ಲಿ ರಕ್ಷಣೆಯ ದೃಷ್ಟಿ ಸ್ಪಷ್ಟವಾಗಿ ಕಾಣುತ್ತದೆ.

ಕೃಷ್ಣದೇವರಾಯನ ಆಳ್ವಿಕೆಯಲ್ಲಿ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತನ್ನ ವೃತ್ತಾಂತದಲ್ಲಿ ಆನೆಗೊಂದಿಯನ್ನು ಉಲ್ಲೇಖಿಸಿದ್ದಾನೆ. ಅದು ಹಿಂದೆ ರಾಜ್ಯದ ರಾಜಧಾನಿಯಾಗಿತ್ತೆಂದು ಜನರು ಹೇಳುತ್ತಾರೆ, ಈಗ ಅಲ್ಲಿ ವಾಸಿಸುವವರು ಕಡಿಮೆ, ಆದರೂ ಅದರ ಗೋಡೆಗಳು ಗಟ್ಟಿಯಾಗಿವೆ, ಅರಸನ ಪರವಾಗಿ ಒಬ್ಬ ಅಧಿಕಾರಿ ಅಲ್ಲಿರುತ್ತಾನೆ ಎಂಬುದು ಅವನ ಮಾತಿನ ಸಾರಾಂಶ. ದಕ್ಷಿಣದ ಮಹಾನಗರವು ತನ್ನ ವೈಭವದ ತುದಿಯಲ್ಲಿದ್ದ ಕಾಲದಲ್ಲಿಯೇ ಆನೆಗೊಂದಿಯು ಹಳೆಯ ಊರೆಂದು ಹೆಸರಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

1565ರ ರಕ್ಕಸಗಿ-ತಂಗಡಗಿ ಯುದ್ಧದ ಬಳಿಕ ರಾಜಧಾನಿಯು ಹಾಳಾಯಿತು. ಅರವೀಡು ವಂಶದ ಅರಸರು ಪೆನುಗೊಂಡೆಗೆ ತಮ್ಮ ನೆಲೆಯನ್ನು ಬದಲಿಸಿದರು. ಈ ವಂಶಕ್ಕೆ ಸೇರಿದವರೆಂದು ಗುರುತಿಸಿಕೊಳ್ಳುವ ಆನೆಗೊಂದಿಯ ರಾಜಮನೆತನವು ಮುಂದೆ ಇಲ್ಲಿ ನೆಲೆಸಿತು. ಹಂಪಿಯ ಬಹುಭಾಗವು ಜನರಿಲ್ಲದ ಅವಶೇಷಗಳ ಬಯಲಾದರೆ, ಆನೆಗೊಂದಿಯು ಜನವಸತಿಯ ಊರಾಗಿಯೇ ಉಳಿದುಬಂದಿತು. ಇಲ್ಲಿ ಹಳೆಯ ಬಾಗಿಲು, ಮಂಟಪ ಮತ್ತು ಗುಡಿಗಳ ನಡುವೆಯೇ ಮನೆ, ಕಣ, ದನದ ಕೊಟ್ಟಿಗೆ, ಶಾಲೆಗಳಿವೆ.

ಗಡಿಯಾಗಿದ್ದ ಹೊಳೆ

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ತುಂಗಭದ್ರೆಯು ಎರಡು ಆಡಳಿತಗಳ ಗಡಿಯಾಯಿತು. ದಕ್ಷಿಣ ದಡದ ಹಂಪಿ ಮದರಾಸು ಪ್ರಾಂತಕ್ಕೂ ಉತ್ತರ ದಡದ ಆನೆಗೊಂದಿ ನಿಜಾಮನ ಸಂಸ್ಥಾನಕ್ಕೂ ಸೇರಿದವು. ಒಂದೇ ಭಾಷೆಯನ್ನಾಡುವ, ಒಂದೇ ಜಾತ್ರೆಗೆ ಸೇರುವ ಎರಡು ದಡಗಳ ಜನರು ಒಂದೂವರೆ ಶತಮಾನ ಕಾಲ ಬೇರೆ ಬೇರೆ ಸರ್ಕಾರಗಳ ಪ್ರಜೆಗಳಾಗಿದ್ದರು.

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದ ಒಕ್ಕೂಟದಲ್ಲಿ ವಿಲೀನವಾಯಿತು. ಬಳ್ಳಾರಿ ಜಿಲ್ಲೆಯ ಕನ್ನಡ ಭಾಗಗಳು 1953ರಲ್ಲಿ ಮೈಸೂರು ರಾಜ್ಯವನ್ನು ಸೇರಿದವು. ಆಗ ರಾಯಚೂರು ಜಿಲ್ಲೆಯಲ್ಲಿದ್ದ ಆನೆಗೊಂದಿಯು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದೇ ರಾಜ್ಯಕ್ಕೆ ಬಂದಿತು. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದಾಗ ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳು ಅದಕ್ಕೆ ಸೇರಿದವು. 2021ರಲ್ಲಿ ಆಚೆ ದಡವು ಹೊಸದಾಗಿ ರಚನೆಯಾದ ವಿಜಯನಗರ ಜಿಲ್ಲೆಯ ಭಾಗವಾಯಿತು. ಹೀಗಾಗಿ ಇಂದಿಗೂ ದೋಣಿ ಹತ್ತಿ ಹೊಳೆ ದಾಟುವವರು ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಹೋಗುತ್ತಾರೆ.

ಹರಿಗೋಲು

ಈ ಹೊಳೆಯ ಸಾಂಪ್ರದಾಯಿಕ ವಾಹನ ಹರಿಗೋಲು. ಇದಕ್ಕೆ ಹರಗೋಲು, ತೆಪ್ಪ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಬಿದಿರಿನ ಸೀಳುಗಳನ್ನು ದೊಡ್ಡ ಬುಟ್ಟಿಯಂತೆ ಹೆಣೆದು ಹೊರಮೈಗೆ ನೀರು ಇಳಿಯದ ಹೊದಿಕೆಯನ್ನು ಕೊಡುವುದು ಇದರ ರಚನಾ ವಿಧಾನ. ಹಿಂದೆ ಹೊದಿಕೆಗೆ ಚರ್ಮವನ್ನು ಬಳಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಅಥವಾ ಚೀಲಗಳನ್ನು ಹೊದಿಸಿ ಮೇಲೆ ಡಾಂಬರು ಬಳಿಯುತ್ತಾರೆ. ನಡೆಸುವ ಸಾಧನ ಒಂದೇ ಹುಟ್ಟು.

ಪಾಯೆಸ್‌ನು ಐದು ಶತಮಾನಗಳ ಹಿಂದೆಯೇ ಈ ದೋಣಿಯನ್ನು ವರ್ಣಿಸಿದ್ದಾನೆ. ಬೆತ್ತದ ಬುಟ್ಟಿಗೆ ಚರ್ಮ ಹೊದಿಸಿದ ದುಂಡನೆಯ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಕುಳಿತು ಆನೆಗೊಂದಿಗೆ ದಾಟುತ್ತಿದ್ದರು, ಅಗತ್ಯವಾದರೆ ಕುದುರೆ ಮತ್ತು ಎತ್ತುಗಳನ್ನೂ ಸಾಗಿಸುತ್ತಿದ್ದರು, ದೋಣಿಯು ನೇರವಾಗಿ ಸಾಗದೆ ಸದಾ ಸುತ್ತುತ್ತಿತ್ತು ಎಂದು ಅವನು ತಿಳಿಸಿದ್ದಾನೆ. 1900ರಲ್ಲಿ ರಾಬರ್ಟ್ ಸೀವೆಲ್ ಪ್ರಕಟಿಸಿದ ವಿಜಯನಗರದ ಇತಿಹಾಸ ಗ್ರಂಥದಲ್ಲಿ ಪಾಯೆಸ್‌ನ ವೃತ್ತಾಂತದ ಇಂಗ್ಲಿಷ್ ಅನುವಾದ ಸೇರಿದ್ದು, ಇಂದಿನ ಓದುಗರಿಗೆ ಈ ವಿವರ ದೊರೆಯುವುದು ಮುಖ್ಯವಾಗಿ ಅದರ ಮೂಲಕ.

ಹರಿಗೋಲು ಈ ಹೊಳೆಗೆ ಒಗ್ಗಿದುದಕ್ಕೆ ಕಾರಣಗಳಿವೆ. ಅದರ ತಳ ಚಪ್ಪಟೆಯಾದುದರಿಂದ ಕಡಿಮೆ ನೀರಿನಲ್ಲಿಯೂ ತೇಲುತ್ತದೆ. ದುಂಡಗಿರುವುದರಿಂದ ಅದಕ್ಕೆ ಮುಂದು ಹಿಂದು ಎಂಬ ಭೇದವಿಲ್ಲ. ಬಂಡೆಗೆ ತಗುಲಿದರೂ ಮರದ ದೋಣಿಯಂತೆ ಸೀಳಿಹೋಗದೆ ಬಿದಿರಿನ ಹೆಣಿಗೆಯು ಪೆಟ್ಟನ್ನು ಸ್ವಲ್ಪಮಟ್ಟಿಗೆ ತಾಳಿಕೊಳ್ಳುತ್ತದೆ. ಹಗುರವಾಗಿರುವುದರಿಂದ ದಡಕ್ಕೆಳೆದು ಬೋರಲು ಹಾಕಿ ಒಣಗಿಸಬಹುದು. ಆದರೆ ಸೆಳವು ಹೆಚ್ಚಾದಾಗ ಅದನ್ನು ಹಿಡಿತದಲ್ಲಿಡುವುದು ಕಷ್ಟ. ಆದ್ದರಿಂದ ಅಂಬಿಗನು ಹೊರಟ ಘಟ್ಟದ ನೇರ ಎದುರಿಗೆ ಗುರಿಯಿಡುವುದಿಲ್ಲ. ದಡದುದ್ದಕ್ಕೂ ಪ್ರವಾಹದ ಎದುರು ದಿಕ್ಕಿನಲ್ಲಿ ಸ್ವಲ್ಪ ದೂರ ಸಾಗಿ, ಅಲ್ಲಿಂದ ಸೆಳವಿನೊಡನೆ ಓರೆಯಾಗಿ ಇಳಿಯುತ್ತ ಆಚೆ ಘಟ್ಟವನ್ನು ಮುಟ್ಟುತ್ತಾನೆ. ನೀರಿನ ಮೇಲ್ಮೈಯನ್ನು ನೋಡಿ ಅಡಿಯಲ್ಲಿರುವ ಬಂಡೆಯನ್ನೂ ಸುಳಿಯನ್ನೂ ಗುರುತಿಸುವುದು ತಲೆಮಾರುಗಳಿಂದ ಬಂದ ತಿಳಿವಳಿಕೆ. ಈಚಿನ ವರ್ಷಗಳಲ್ಲಿ ಘಟ್ಟಗಳಿಗೆ ಯಂತ್ರದ ದೋಣಿಗಳು ಬಂದಿದ್ದು, ಹರಿಗೋಲಿನ ಬಳಕೆ ಹೆಚ್ಚಾಗಿ ಪ್ರವಾಸಿಗರ ವಿಹಾರಕ್ಕೆ ಮತ್ತು ಮೀನುಗಾರಿಕೆಗೆ ಸೀಮಿತವಾಗುತ್ತಿದೆ.

ನವವೃಂದಾವನ ಗಡ್ಡೆ

ಆನೆಗೊಂದಿಯ ಘಟ್ಟದಿಂದ ದೋಣಿಯಲ್ಲಿ ತಲುಪಬಹುದಾದ ಈ ಪುಟ್ಟ ನಡುಗಡ್ಡೆಯು ದ್ವೈತ ಸಂಪ್ರದಾಯದವರಿಗೆ ಅತ್ಯಂತ ಪವಿತ್ರವಾದ ಕ್ಷೇತ್ರ. ಮಾಧ್ವ ಯತಿಗಳ ಸಮಾಧಿಯ ಮೇಲೆ ನಿಲ್ಲಿಸುವ ಕಲ್ಲಿನ ಕಟ್ಟಡಕ್ಕೆ ವೃಂದಾವನ ಎಂದು ಹೆಸರು. ಒಂಬತ್ತು ವೃಂದಾವನಗಳಿರುವುದರಿಂದ ಈ ಸ್ಥಳಕ್ಕೆ ನವವೃಂದಾವನ ಎಂಬ ಹೆಸರು ಬಂದಿದೆ. ಸಾಮಾನ್ಯವಾಗಿ ಹೆಸರಿಸುವ ಒಂಬತ್ತು ಯತಿಗಳೆಂದರೆ ಪದ್ಮನಾಭತೀರ್ಥರು, ಕವೀಂದ್ರತೀರ್ಥರು, ವಾಗೀಶತೀರ್ಥರು, ರಘುವರ್ಯತೀರ್ಥರು, ವ್ಯಾಸರಾಜತೀರ್ಥರು, ಶ್ರೀನಿವಾಸತೀರ್ಥರು, ರಾಮತೀರ್ಥರು, ಸುಧೀಂದ್ರತೀರ್ಥರು ಮತ್ತು ಗೋವಿಂದ ಒಡೆಯರು.

ಇವರಲ್ಲಿ ಪದ್ಮನಾಭತೀರ್ಥರು ಮಧ್ವಾಚಾರ್ಯರ ನೇರ ಶಿಷ್ಯರು. ವ್ಯಾಸರಾಜರು ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರದಲ್ಲಿ ಅತ್ಯಂತ ಗೌರವಕ್ಕೆ ಪಾತ್ರರಾಗಿದ್ದರು. 'ನ್ಯಾಯಾಮೃತ', 'ತರ್ಕತಾಂಡವ' ಮತ್ತು 'ತಾತ್ಪರ್ಯಚಂದ್ರಿಕಾ' ಅವರ ಪ್ರಸಿದ್ಧ ಸಂಸ್ಕೃತ ಗ್ರಂಥಗಳು. ಪುರಂದರದಾಸರು ಮತ್ತು ಕನಕದಾಸರು ಅವರ ಶಿಷ್ಯರೆಂದು ಹರಿದಾಸ ಪರಂಪರೆಯು ಸ್ಮರಿಸುತ್ತದೆ. ವ್ಯಾಸರಾಜರು 1539ರಲ್ಲಿ ಕಾಲವಾದರು. ಸುಧೀಂದ್ರತೀರ್ಥರು ಮಂತ್ರಾಲಯದ ರಾಘವೇಂದ್ರತೀರ್ಥರ ಗುರುಗಳು. ಇದೇ ಗಡ್ಡೆಯ ಮೇಲೆ ರಂಗನಾಥನ ಮತ್ತು ಆಂಜನೇಯನ ಗುಡಿಗಳೂ ಇವೆ.

2019ರ ಜುಲೈ ತಿಂಗಳಲ್ಲಿ ದುಷ್ಕರ್ಮಿಗಳು ರಾತ್ರಿಯ ವೇಳೆ ವ್ಯಾಸರಾಜರ ವೃಂದಾವನವನ್ನು ಕೆಡವಿ ನೆಲವನ್ನು ಅಗೆದರು. ನಿಧಿಯ ಆಸೆಯಿಂದ ಈ ಕೃತ್ಯ ನಡೆದುದು ತನಿಖೆಯಲ್ಲಿ ತಿಳಿದುಬಂದು, ಆರೋಪಿಗಳನ್ನು ಪೊಲೀಸರು ಬಂಧಿಸಿದರು. ವಿವಿಧ ಮಠಗಳ ಯತಿಗಳೂ ಭಕ್ತರೂ ಸೇರಿ, ಚದುರಿದ್ದ ಕಲ್ಲುಗಳನ್ನು ಜೋಡಿಸಿ, ಅಲ್ಪ ಕಾಲದಲ್ಲಿಯೇ ವೃಂದಾವನವನ್ನು ಪುನಃ ನಿಲ್ಲಿಸಿದರು. ಈ ಗಡ್ಡೆಯಲ್ಲಿ ಪೂಜೆ ಹಾಗೂ ಆರಾಧನೆ ನಡೆಸುವ ಹಕ್ಕಿನ ಬಗ್ಗೆ ಉತ್ತರಾದಿ ಮಠ ಮತ್ತು ರಾಘವೇಂದ್ರಸ್ವಾಮಿ ಮಠಗಳ ನಡುವಿನ ಭಿನ್ನಾಭಿಪ್ರಾಯವು ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ.

ವಿರೂಪಾಪುರ ಗಡ್ಡೆ

ಹಂಪಿಯ ವಿರೂಪಾಕ್ಷ ದೇವಾಲಯದ ಎದುರು ದಡದಲ್ಲಿ, ನದಿಯ ಕವಲುಗಳ ನಡುವೆ ವಿರೂಪಾಪುರ ಗಡ್ಡೆಯಿದೆ. ಆಡಳಿತದ ದೃಷ್ಟಿಯಿಂದ ಇದು ಗಂಗಾವತಿ ತಾಲ್ಲೂಕಿಗೆ ಸೇರಿದೆ. ವಿಜಯನಗರ ಕಾಲದ ಮೇಲ್ಗಾಲುವೆಯೊಂದರ ಕಲ್ಲುಕಂಬಗಳು ಇಲ್ಲಿ ಉಳಿದಿವೆ. ಭತ್ತದ ಗದ್ದೆಗಳ ಈ ಗಡ್ಡೆಯಲ್ಲಿ ಕಳೆದ ಶತಮಾನದ ಕೊನೆಯ ದಶಕಗಳಿಂದ ವಿದೇಶಿ ಪ್ರವಾಸಿಗರಿಗಾಗಿ ತಂಗುಮನೆಗಳೂ ಊಟದ ಮನೆಗಳೂ ತಲೆಯೆತ್ತಿದವು. ಹಂಪಿಯಿಂದ ದೋಣಿಯಲ್ಲಿ ಕೆಲವೇ ನಿಮಿಷಗಳ ದಾರಿಯಾದ ಇಲ್ಲಿಗೆ ರಸ್ತೆಯಲ್ಲಿ ಸುತ್ತಿ ಬರಲು ಸುಮಾರು 40 ಕಿ.ಮೀ. ಕ್ರಮಿಸಬೇಕಾಗಿತ್ತು. ಸಂಜೆ ದೋಣಿ ನಿಂತರೆ ಈ ಗಡ್ಡೆಯು ತನ್ನಷ್ಟಕ್ಕೆ ತಾನೇ ಒಂದು ಲೋಕವಾಗುತ್ತಿತ್ತು.

ಈ ಪ್ರದೇಶವನ್ನು 1988ರ ಅಧಿಸೂಚನೆಯ ಮೂಲಕ ಸಂರಕ್ಷಿತವೆಂದು ಘೋಷಿಸಲಾಗಿತ್ತು. ಅಲ್ಲಿ ನಡೆದ ಹೊಸ ಕಟ್ಟಡಗಳ ನಿರ್ಮಾಣವು ಕಾನೂನುಬಾಹಿರವೆಂದು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವು ಕ್ರಮ ಕೈಗೊಂಡಿತು. ವ್ಯಾಜ್ಯವು ಕರ್ನಾಟಕ ಹೈಕೋರ್ಟ್ ಮೂಲಕ ಸುಪ್ರೀಂ ಕೋರ್ಟನ್ನು ತಲುಪಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಮಾರ್ಚ್ ತಿಂಗಳಲ್ಲಿ ಕಟ್ಟಡಗಳನ್ನು ಕೆಡವಲಾಯಿತು. ಸ್ಮಾರಕಗಳ ನೆಲೆ ಮೊದಲಿನ ಸ್ವರೂಪಕ್ಕೆ ಮರಳಲು ಇದು ಅಗತ್ಯವೆಂದು ಸಂರಕ್ಷಣೆಯ ಪರವಾದವರು ಭಾವಿಸಿದರು. ಅಡುಗೆ, ಚಾಲನೆ, ದೋಣಿ ಮೊದಲಾದ ಕೆಲಸಗಳಿಂದ ಬದುಕುತ್ತಿದ್ದ ಸುತ್ತಲಿನ ಹಳ್ಳಿಗರಿಗೆ ಜೀವನೋಪಾಯದ ಪ್ರಶ್ನೆ ಎದುರಾಯಿತು. ಪ್ರವಾಸಿ ವಸತಿಗಳು ಅನಂತರ ಸಾಣಾಪುರ ಮತ್ತು ಆನೆಗೊಂದಿಯ ಸುತ್ತಮುತ್ತಲಿಗೆ ಹರಡಿವೆ.

ಸೇತುವೆಯ ಪ್ರಶ್ನೆ

ಹೊಳೆಯ ಮೇಲೆ ದಾರಿ ಕಟ್ಟುವ ಪ್ರಯತ್ನ ಹೊಸದಲ್ಲ. ವಿಜಯನಗರ ಕಾಲದಲ್ಲಿ ನಿರ್ಮಿಸಿದ ಕಲ್ಲುಸೇತುವೆಯ ಕಂಬಗಳು ವಿಠ್ಠಲ ದೇವಾಲಯಕ್ಕೆ ಸಮೀಪದಲ್ಲಿ, ನೀರಿನ ನಡುವೆ ಸಾಲಾಗಿ ಇಂದಿಗೂ ನಿಂತಿವೆ.

ಹಂಪಿಯ ಸ್ಮಾರಕ ಸಮೂಹವನ್ನು ಯುನೆಸ್ಕೋ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊಳೆಯಾಚೆಗಿನ ಆನೆಗೊಂದಿಯೂ ಈ ಪರಂಪರೆಯ ಭಾಗವೇ. 1990ರ ದಶಕದಲ್ಲಿ ತಳವಾರಘಟ್ಟ ಮತ್ತು ಆನೆಗೊಂದಿಗಳ ನಡುವೆ ವಾಹನ ಸೇತುವೆಯನ್ನೂ ಹಂಪಿಯಿಂದ ವಿರೂಪಾಪುರ ಗಡ್ಡೆಗೆ ತೂಗುಸೇತುವೆಯನ್ನೂ ನಿರ್ಮಿಸುವ ಕೆಲಸ ಆರಂಭವಾಯಿತು. ಸ್ಮಾರಕಗಳ ನಡುವೆಯೇ ಎತ್ತರದ ಕಾಂಕ್ರೀಟು ಕಂಬಗಳು ಎದ್ದು ಭಾರಿ ವಾಹನಗಳ ಸಂಚಾರಕ್ಕೆ ದಾರಿಯಾದರೆ ಆ ಭೂದೃಶ್ಯವು ಕೆಡುತ್ತದೆ ಎಂಬ ಆತಂಕದಿಂದ ಯುನೆಸ್ಕೋ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಕಾಮಗಾರಿಗಳು ಸ್ಥಗಿತಗೊಂಡವು. ತೂಗುಸೇತುವೆಯನ್ನು ಕೈಬಿಡಲಾಯಿತು. ಸುಮಾರು 236 ಚದರ ಕಿ.ಮೀ. ಪ್ರದೇಶದ ಯೋಜನೆಗಾಗಿ ಪ್ರತ್ಯೇಕ ಪ್ರಾಧಿಕಾರವನ್ನು ರಾಜ್ಯ ಸರ್ಕಾರವು ರಚಿಸಿತು. ಈ ಕ್ರಮಗಳ ಬಳಿಕ 2006ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಯಿಂದ ಕೈಬಿಡಲಾಯಿತು.

ಆನೆಗೊಂದಿಯ ಸೇತುವೆಯ ಕೆಲಸ ಅನಂತರ ಮುಂದುವರಿಯಿತು. ಆದರೆ 2009ರ ಜನವರಿ 22ರಂದು ನಿರ್ಮಾಣ ಹಂತದಲ್ಲಿದ್ದ ಆ ಸೇತುವೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅದನ್ನು ಮತ್ತೆ ಕಟ್ಟಲಿಲ್ಲ. ಕೆಲವು ವರ್ಷಗಳ ನಂತರ ಸ್ಮಾರಕಗಳ ಮುಖ್ಯ ವಲಯದಿಂದ ದೂರದಲ್ಲಿ, ಪೂರ್ವದ ಕಡೆಗೆ, ಕಡೆಬಾಗಿಲು ಮತ್ತು ಬುಕ್ಕಸಾಗರಗಳ ನಡುವೆ ಸೇತುವೆ ನಿರ್ಮಾಣವಾಯಿತು. ಇದರಿಂದ ಗಂಗಾವತಿ ಹಾಗೂ ಕಂಪ್ಲಿ, ಹೊಸಪೇಟೆ ಕಡೆಗಿನ ಸಂಚಾರ ಸುಲಭವಾಗಿದೆ.

ಈ ವಿವಾದದಲ್ಲಿ ಎರಡೂ ಕಡೆಯ ವಾದಗಳಿಗೆ ಬಲವಿತ್ತು. ದಡ, ಬಂಡೆ, ಹೊಳೆ, ಗುಡಿಗಳು ಒಂದರೊಡನೊಂದು ಹೊಂದಿಕೊಂಡಿರುವ ನೋಟವೇ ಹಂಪಿಯ ವೈಶಿಷ್ಟ್ಯ. ಒಮ್ಮೆ ಕೆಟ್ಟರೆ ಅದನ್ನು ಮರಳಿ ಪಡೆಯಲಾಗದು. ಮತ್ತೊಂದೆಡೆ, ಕಣ್ಣೆದುರಿಗೇ ಕಾಣುವ ಆಚೆ ದಡದ ಆಸ್ಪತ್ರೆ, ಕಾಲೇಜು, ಸಂತೆಗಳನ್ನು ತಲುಪಲು ದೋಣಿಗಾಗಿ ಕಾಯಬೇಕಾದ, ನೆರೆ ಬಂದಾಗ ಹತ್ತಾರು ಕಿ.ಮೀ. ಸುತ್ತಬೇಕಾದ ಜನರಿಗೆ ಸೇತುವೆಯು ಸೌಂದರ್ಯದ ಪ್ರಶ್ನೆಯಾಗಿರಲಿಲ್ಲ. ಜನರು ಬದುಕುತ್ತಿರುವ ಊರು ಸ್ಮಾರಕವೂ ಆದಾಗ ಅದರ ರಕ್ಷಣೆಯ ಭಾರದಲ್ಲಿ ಒಂದು ಪಾಲು ಅಲ್ಲಿನ ನಿವಾಸಿಗಳ ಮೇಲೆ ಬೀಳುತ್ತದೆ ಎಂಬುದಕ್ಕೆ ಆನೆಗೊಂದಿಯು ಸ್ಪಷ್ಟ ನಿದರ್ಶನ. ಸೇತುವೆಯನ್ನು ನಿರಾಕರಿಸುವ ಬದಲು ಅದರ ಸ್ಥಳವನ್ನು ಬದಲಿಸಿದ ಕಡೆಬಾಗಿಲಿನ ಪರಿಹಾರವು ಎರಡೂ ಅಗತ್ಯಗಳನ್ನು ಬಹುಮಟ್ಟಿಗೆ ಹೊಂದಿಸಿತು.

ಅಣೆಕಟ್ಟು ಮತ್ತು ಪ್ರವಾಹ

ಆನೆಗೊಂದಿಯಲ್ಲಿ ಹೊಳೆಯ ನೀರು ಎಷ್ಟಿರುತ್ತದೆ ಎಂಬುದು ಈಗ ಮಳೆಗಿಂತ ಹೆಚ್ಚಾಗಿ ಮೇಲ್ಭಾಗದ ತುಂಗಭದ್ರಾ ಅಣೆಕಟ್ಟನ್ನು ಅವಲಂಬಿಸಿದೆ. ಹೈದರಾಬಾದ್ ಸಂಸ್ಥಾನ ಮತ್ತು ಮದರಾಸು ಪ್ರಾಂತಗಳ ಜಂಟಿ ಯೋಜನೆಯಾಗಿ 1945ರಲ್ಲಿ ಇದಕ್ಕೆ ಶಂಕುಸ್ಥಾಪನೆಯಾಯಿತು. 1953ರಲ್ಲಿ ನೀರು ಹರಿಸಲು ಆರಂಭಿಸಲಾಯಿತು. ಅಣೆಕಟ್ಟಿಗೆ 33 ಬಾಗಿಲುಗಳಿದ್ದು, ಸ್ಥಳೀಯರು ಅವುಗಳನ್ನು ಗೇಟು ಎಂದೇ ಕರೆಯುತ್ತಾರೆ. ಎಡದಂಡೆ ಕಾಲುವೆಯಿಂದಾಗಿ ಗಂಗಾವತಿ ಪ್ರದೇಶವು ಭತ್ತದ ಕಣಜವೆಂದು ಹೆಸರಾಗಿದೆ.

ಮುಂಗಾರಿನಲ್ಲಿ ಜಲಾಶಯ ತುಂಬಿ ಗೇಟುಗಳನ್ನು ತೆರೆದಾಗ ಕೆಲವೇ ಗಂಟೆಗಳಲ್ಲಿ ಹೊಳೆಯ ಮಟ್ಟ ಏರುತ್ತದೆ. ಆಗ ದೋಣಿ ಸಂಚಾರವನ್ನು ನಿಲ್ಲಿಸಲಾಗುತ್ತದೆ. ಆನೆಗೊಂದಿಯ ದಡದಲ್ಲಿರುವ ಅರವತ್ತನಾಲ್ಕು ಕಂಬಗಳ ಮಂಟಪವೂ ನವವೃಂದಾವನವೂ ಜಲಾವೃತವಾಗುತ್ತವೆ. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಲುಕಿಕೊಂಡರು. ರಕ್ಷಣಾ ದೋಣಿಗಳ ಮತ್ತು ಹೆಲಿಕಾಪ್ಟರ್‌ಗಳ ನೆರವಿನಿಂದ ಅವರನ್ನು ಹೊರತರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡವನ್ನು ತಗ್ಗಿಸಲು ಅಪಾರ ಪ್ರಮಾಣದ ನೀರನ್ನು ಹೊಳೆಗೆ ಬಿಡಲಾಯಿತು. ಕೆಲವು ದಿನಗಳ ನಂತರ ತಾತ್ಕಾಲಿಕ ಉಕ್ಕಿನ ತಡೆಗಳನ್ನು ಇಳಿಸಿ ಹರಿವನ್ನು ನಿಲ್ಲಿಸಲಾಯಿತು.

ಊರು ಮತ್ತು ಸುತ್ತಲಿನ ಪ್ರೇಕ್ಷಣೀಯ ಸ್ಥಳಗಳು

ಊರಿನ ನಡುವಿನ ಚೌಕದಲ್ಲಿ ರಂಗನಾಥ ದೇವಾಲಯವೂ ಅದಕ್ಕೆ ಸಮೀಪದಲ್ಲಿ ಗಗನ ಮಹಲ್ ಎಂಬ ಹಳೆಯ ಕಟ್ಟಡವೂ ಇವೆ. ಹೊಳೆಯ ದಡಕ್ಕೆ ಇಳಿದರೆ ಹುಚ್ಚಪ್ಪಯ್ಯ ಮಠ, ಅದರ ಬಳಿ ಅರವತ್ತನಾಲ್ಕು ಕಂಬಗಳ ಮಂಟಪ ಸಿಗುತ್ತವೆ. ಈ ಮಂಟಪವು ಕೃಷ್ಣದೇವರಾಯನ ಸಮಾಧಿಯೆಂದು ಜನರು ನಂಬುತ್ತಾರೆ. ದಡದ ಬಂಡೆಗಳ ನಡುವೆ ಚಿಂತಾಮಣಿ ಎಂಬ ಶಿವಕ್ಷೇತ್ರವಿದೆ. ರಾಮನು ವಾಲಿಯ ಮೇಲೆ ಬಾಣ ಬಿಟ್ಟ ಸ್ಥಳವೆಂದು ಅಲ್ಲಿಯ ಒಂದು ಎಡೆಯನ್ನು ತೋರಿಸುತ್ತಾರೆ.

ಊರಿನ ಪಶ್ಚಿಮಕ್ಕೆ ದುರ್ಗಾ ದೇವಾಲಯ, ಲಕ್ಷ್ಮೀ ಗುಡಿಯಿರುವ ಪಂಪಾ ಸರೋವರ ಮತ್ತು ಅಂಜನಾದ್ರಿ ಬೆಟ್ಟಗಳಿವೆ. ಆಂಜನೇಯನ ಜನ್ಮಸ್ಥಳವೆಂದು ಪ್ರಸಿದ್ಧವಾದ ಅಂಜನಾದ್ರಿಯನ್ನು ಏರಲು ಸುಮಾರು 575 ಮೆಟ್ಟಿಲುಗಳಿವೆ. ಹನುಮ ಜಯಂತಿಯ ಸಂದರ್ಭದಲ್ಲಿ ಹನುಮಮಾಲೆ ಧರಿಸಿದ ಸಾವಿರಾರು ಭಕ್ತರು ಇಲ್ಲಿಗೆ ಬರುತ್ತಾರೆ. ಬೆಟ್ಟದ ಮೇಲಿನಿಂದ ಹೊಳೆಯ ಕವಲುಗಳು, ಗಡ್ಡೆಗಳು, ಗದ್ದೆಗಳು ಹಾಗೂ ಆಚೆ ದಡದ ಗೋಪುರಗಳು ಒಟ್ಟಿಗೆ ಕಾಣುವುದರಿಂದ ಈ ಪ್ರದೇಶದ ರಚನೆಯನ್ನು ಅರಿಯಲು ಇದು ತಕ್ಕ ಸ್ಥಳ.

ಜನಜೀವನ ಮತ್ತು ಪರಿಸರ

ವ್ಯವಸಾಯ, ಪಶುಪಾಲನೆ, ಮೀನುಗಾರಿಕೆ ಮತ್ತು ಪ್ರವಾಸೋದ್ಯಮ ಇಲ್ಲಿನ ಮುಖ್ಯ ವೃತ್ತಿಗಳು. ಬಾಳೆಗೊನೆ ಕಡಿದ ಮೇಲೆ ವ್ಯರ್ಥವಾಗುತ್ತಿದ್ದ ದಿಂಡಿನಿಂದ ನಾರು ತೆಗೆದು ಚೀಲ, ಚಾಪೆ, ಬುಟ್ಟಿಗಳನ್ನು ಮಾಡುವ ಕಸುಬು ಗ್ರಾಮದ ಅನೇಕ ಮಹಿಳೆಯರಿಗೆ ಆದಾಯ ತಂದಿದೆ. ಇದರ ಬೆಳವಣಿಗೆಯಲ್ಲಿ ಕಿಷ್ಕಿಂಧಾ ಟ್ರಸ್ಟ್ ಎಂಬ ಸ್ವಯಂಸೇವಾ ಸಂಸ್ಥೆಯ ಪಾತ್ರ ಮುಖ್ಯವಾದುದು. ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಅತಿಥಿಗಳ ವಸತಿಗೆ ಬಳಸುವ ಕ್ರಮವೂ ಇಲ್ಲಿ ಬೆಳೆದಿದೆ.

ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ಉದ್ದದ ನದೀಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಆನೆಗೊಂದಿಯ ಹೊಳೆಯು ಇದರೊಳಗೇ ಬರುತ್ತದೆ. ನೀರುನಾಯಿಗಳಲ್ಲದೆ ಮೊಸಳೆ, ಆಮೆ ಹಾಗೂ ಅನೇಕ ಜಾತಿಯ ನೀರುಹಕ್ಕಿಗಳು ಇಲ್ಲಿವೆ. ನದಿಯಲ್ಲಿ ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದು ಮತ್ತು ಮರಳು ಗಣಿಗಾರಿಕೆ ಇವುಗಳ ನೆಲೆಗೆ ಅಪಾಯಕಾರಿ.

ಸಂಪರ್ಕ ಮತ್ತು ಭೇಟಿಯ ಕಾಲ

ಗಂಗಾವತಿಯಿಂದ ಆನೆಗೊಂದಿಗೆ ಬಸ್ಸು ಮತ್ತು ಆಟೋ ಸೌಕರ್ಯವಿದೆ. ಗಂಗಾವತಿ ಮತ್ತು ಹೊಸಪೇಟೆಗಳಲ್ಲಿ ರೈಲು ನಿಲ್ದಾಣಗಳಿವೆ. ಹಂಪಿಯ ಕಡೆಯಿಂದ ಬರುವವರು ದೋಣಿ ಇಲ್ಲದ ಸಮಯದಲ್ಲಿ ಬುಕ್ಕಸಾಗರ-ಕಡೆಬಾಗಿಲು ಸೇತುವೆಯ ಮೂಲಕ ಅಥವಾ ಮುನಿರಾಬಾದ್ ಮಾರ್ಗವಾಗಿ ಸುತ್ತಿ ತಲುಪಬಹುದು.

ನವೆಂಬರ್‌ನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಭೇಟಿಗೆ ಅನುಕೂಲಕರ. ಬೇಸಿಗೆಯಲ್ಲಿ ಬಂಡೆಗಳು ಕಾದು ಸೆಕೆ ತೀವ್ರವಾಗಿರುತ್ತದೆ. ದೋಣಿಗಳು ಹಗಲಿನಲ್ಲಿ ಮಾತ್ರ ಸಂಚರಿಸುತ್ತವೆ. ಸಂಜೆಯ ಕೊನೆಯ ದೋಣಿಯ ಸಮಯವನ್ನು ಹೋಗುವಾಗಲೇ ಅಂಬಿಗರಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಜುಲೈಯಿಂದ ಅಕ್ಟೋಬರ್‌ವರೆಗೆ ಜಲಾಶಯದಿಂದ ನೀರು ಬಿಡುವ ಸೂಚನೆಗಳನ್ನು ಗಮನಿಸಬೇಕು. ಹೊಳೆ ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಸುಳಿಗಳಿರುವುದರಿಂದ ಈಜಲು ಇಳಿಯುವುದು ಅಪಾಯಕರ. ದೋಣಿಯಲ್ಲಿ ಜೀವರಕ್ಷಕ ಅಂಗಿಯನ್ನು ಧರಿಸಬೇಕು. ನವವೃಂದಾವನವು ಪೂಜಾಸ್ಥಳವಾದುದರಿಂದ ಅಲ್ಲಿನ ಮಡಿ ಮತ್ತು ಮೌನದ ನಿಯಮಗಳನ್ನು ಗೌರವಿಸುವುದು ವಾಡಿಕೆ. ಅಂಬಿಗರು ದೋಣಿ ಬಿಡುವುದಿಲ್ಲವೆಂದ ದಿನ ಹೊಳೆ ದಾಟುವ ಪ್ರಯತ್ನವನ್ನು ಯಾವ ಕಾರಣಕ್ಕೂ ಮಾಡಬಾರದು.